ದೂರಿನ ಕಿಟಕಿಯವನ ಇಂಗ್ಲಿಷು

ಸೋಫಾ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಹತ್ತು ನಿಮಿಷವಾಗಿತ್ತು. ಶವ ಮಲಗಿಸಿದ್ದ ಹಾಲಿನಲ್ಲಿ ಜನ ಕೂರಲು ಜಾಗವಾಗಲೆಂದು ಮೈದುನ ಅದನ್ನು ಹೊರಗೆಳೆಯಲು ಹೋಗಿದ್ದ. ಈಗ ಒಳಗಿದ್ದವರು ಹೊರಹೋಗುವಂತಿಲ್ಲ, ಹಾರ ಹಿಡಿದು ಮೆಟ್ಟಿಲ ಮೇಲೆ ನಿಂತವರು ಒಳಬರುವಂತಿಲ್ಲ. ಆಳಿಗೊಂದು ಉಪಾಯ ಹೇಳುತ್ತಿದ್ದರೇ ಹೊರತು ಕೈ ಹಾಕುವವರು ಯಾರೂ ಇರಲಿಲ್ಲ.

ಸತ್ತ ಗಂಡನ ತಲೆಯ ಬಳಿ ಕೂತಿದ್ದ ಹೆಂಡತಿ ಕೊನೆಗೆ ತಾನೇ ಎದ್ದಳು.

"ಅದರ ಕಾಲು ಬಿಚ್ಚಬೇಕು. ತಂದ ದಿನಾನೂ ಹೀಗೇ ಆಗಿತ್ತು. ನಿಮ್ಮಣ್ಣ ಕೇಳಿದ್ರಾ ನನ್ನ ಮಾತು?"

ಸ್ಕ್ರೂಡ್ರೈವರ್ ಸಿಗದೆ ಚಮಚದ ಹಿಡಿಯಿಂದಲೇ ತಿರುಗಿಸಿ ಕಾಲು ಕಳಚಿದ್ದಾಯಿತು. ಅಷ್ಟರಲ್ಲಿ ಶವ ಒಯ್ಯಬೇಕಿದ್ದ ವ್ಯಾನಿನವನ ಫೋನು. ಇದೇ ಹೆಸರಿನ ಬೇರೆ ಬೀದಿಯಲ್ಲಿ ನಿಂತಿದ್ದಾನಂತೆ. ಇಲ್ಲಿ ಯಾರೂ ಸತ್ತಿಲ್ಲವಲ್ಲ ಎಂದು ಇವರನ್ನೇ ದಬಾಯಿಸಿದ. ಅವಳಿಗೆ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ.

*

ಗಂಡ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಮೂವತ್ತೊಂದು ವರ್ಷ ಒಂದೇ ಕಿಟಕಿ. ಊರವರ ಬೈಗುಳವನ್ನೆಲ್ಲ ತಣ್ಣಗೆ ಕೇಳಿಸಿಕೊಳ್ಳುತ್ತಿದ್ದವನಿಗೆ ಮನೆಯಲ್ಲಿ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದರೆ "ಬರೆದು ಕೊಡು" ಎನ್ನುತ್ತಿದ್ದ. ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ಊದಿಸಿಕೊಳ್ಳುತ್ತಿದ್ದರು. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಒಂದು ದಿನವೂ ಬಂದದ್ದಿಲ್ಲ.

ಸಂಜೆ ಬಂದವನೇ ಡಿಸ್ಕ್ ಹಾಕಿ ಟೀವಿಯ ಮುಂದೆ ಕೂರುತ್ತಿದ್ದ. ಇಂಗ್ಲೆಂಡಿನ ಹಳೆಯ ಹಾಸ್ಯ ಧಾರಾವಾಹಿಗಳೆಂದರೆ ಅವನಿಗೆ ಪ್ರಾಣ. ಕೊಡೆ ಬಿಚ್ಚಿಕೊಳ್ಳದ್ದಕ್ಕೆ, ಟೀ ಆರಿದ್ದಕ್ಕೆ, ಪಕ್ಕದ ಮನೆಯವನ ಬೇಲಿ ಒಂದು ಗೇಣು ಈಚೆ ಬಂದದ್ದಕ್ಕೆ ಅರ್ಧ ಗಂಟೆ ಒದ್ದಾಡುವ ಜನ. ಅವಳಿಗೆ ಇಂಗ್ಲಿಷ್ ಬಾರದು. ಅವನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದ. ಅದೂ ಮೊದಲು ತಾನು ಕೆಮ್ಮು ಬರುವಷ್ಟು ನಕ್ಕು, ಆಮೇಲೆ. ಇವಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಪ್ರತಿ ಕಂತಿನ ಕೊನೆಗೆ ಟೀವಿಯ ಗಂಡ ಹೆಂಡತಿಗೆ ಏನೋ ಗೊಣಗುತ್ತಿದ್ದ. ಆಗ ಇವನು ದನಿ ತಗ್ಗಿಸುತ್ತಿದ್ದ.

"ನಂದೇ ತಪ್ಪು ಕಣೇ, ಬೆಳಿಗ್ಗೆ ಹಾಗೆ ರೇಗಬಾರದಿತ್ತು ಅಂತಿದಾನೆ."

"ನೋಡಿ ಕಲೀರಿ," ಎನ್ನುತ್ತಿದ್ದಳು ಇವಳು.

ಅವನು ರಿಮೋಟಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

*

ವ್ಯಾನು ಇನ್ನೂ ಬಂದಿರಲಿಲ್ಲ. ತಲೆಯ ಬಳಿ ಇಡಲು ಒಂದು ಫೋಟೋ ಸಿಗದೆ, ನಾದಿನಿಯ ಮಗಳು ಬೀರುವಿನಲ್ಲಿದ್ದ ಡಿಸ್ಕೊಂದನ್ನು, ಇದರಲ್ಲಾದರೂ ಇದ್ದೀತೇನೋ ಎಂದು ಟೀವಿಗೆ ಹಾಕಿದಳು. ಅದು ಅವನ ಇಂಗ್ಲಿಷ್ ಧಾರಾವಾಹಿ; ಹಾಲಿನ ತುಂಬ ಟೀವಿಯ ಗೊಳ್ಳೆಂಬ ನಗು. ಸತ್ತ ಮನೆಯಲ್ಲಿ ಇದೇನು, ಆರಿಸು ಎಂದು ನಾದಿನಿ ಗದರಿದಳು. ಇವಳು ತಡೆದಳು. ಅವರಿಗೆ ಇಷ್ಟವಾದದ್ದು, ಕೊನೆಗೆ ಓಡಿಸು, ಎರಡೇ ನಿಮಿಷ ಎಂದಳು.

ಪರದೆಯ ಮೇಲೆ ಬೋಳುತಲೆಯ ಗಂಡ ಹೆಂಡತಿಯ ಕಡೆ ತಿರುಗಿದ.

"ಈಗ ನೋಡು, ತಪ್ಪಾಯ್ತು ಅಂತಾನೆ," ಎಂದಳು ಇವಳು.

ಹುಡುಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. "ಇಲ್ಲ ಅತ್ತೆ," ಎಂದಳು. "ಬಿಸ್ಕತ್ ಡಬ್ಬಿ ಎಲ್ಲಿಟ್ಟೆ ಅಂತ ಕೇಳ್ತಿದಾನೆ."

ಸರಿಯಾಗಿ ಕೇಳಿಸಿಕೋ ಎಂದು ಮತ್ತೆ ಹಾಕಿಸಿದಳು. ಬಿಸ್ಕತ್ತೇ. ಇನ್ನೊಂದು ಡಿಸ್ಕಿನ ಕೊನೆ ಹಾಕಿಸಿದಳು. ಅದರಲ್ಲಿ ಬೋಳುತಲೆಯವನು, ನಿಮ್ಮಮ್ಮ ಎಷ್ಟು ದಿನ ಇರ್ತಾರೆ ಎಂದು ಕೇಳುತ್ತಿದ್ದನಂತೆ. ಮೂರನೆಯದರಲ್ಲಿ ಚಳಿ, ಕಿಟಕಿ ಹಾಕು ಅಂದನಂತೆ.

ನಿನ್ನ ತಂಗಿಯ ಮದುವೆಗೆ ರಜೆ ಹಾಕದೆ ತಪ್ಪು ಮಾಡಿದೆ ಎಂದು ಟೀವಿಯವನು ಹೇಳಿದ್ದನಲ್ಲ? ಅದೂ ಇವಳ ತಂಗಿಯ ಮದುವೆಗೆ ಗಂಡ ರಜೆ ಹಾಕದೆ ಉಳಿದ ವಾರವೇ. ಆ ದೇಶದಲ್ಲೂ ಇಂಥ ಗಂಡಂದಿರೇ ಎಂದು ಅವತ್ತು ಅವಳು ಆ ಬೋಳುತಲೆಯವನನ್ನು ಮನಸಾರೆ ಬೈದಿದ್ದಳು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಶವದ ಕಡೆ ತಿರುಗಿದಳು.

"ನೀವೇ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಹೊರಗೆ ವ್ಯಾನಿನ ಸದ್ದಾಯಿತು. ಅತ್ತಿಗೆ, ಹೊರಡಬೇಕು ಎಂದ ಮೈದುನ.

"ನಿಂತಿರಲಿ," ಎಂದಳು. ನಾಲ್ಕನೆಯ ಡಿಸ್ಕನ್ನು ಹುಡುಗಿಯ ಕೈಗೆ ಕೊಟ್ಟಳು. "ಹಾಕು. ನೀನೇನೂ ಹೇಳ್ಬೇಡ."

ಗಂಡನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಳು. ಸ್ಟ್ರೆಚರ್ ಹಿಡಿದ ನಾಲ್ವರು ಬಾಗಿಲಲ್ಲೇ ನಿಂತರು. ಪರದೆಯವನು ತಿರುಗಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅವಳು ಗಂಡನ ಮುಖ ನೋಡುತ್ತ ಮಾತು ಮಾತಿಗೂ ಹೂಂಗುಟ್ಟುತ್ತಿದ್ದಳು.