ಅತ್ತೆಯ ಕೊಡೆ

ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟವಳು ಸೋದರತ್ತೆ. ಲೆಕ್ಕದಮ್ಮನ ಕೆಲಸವೇ ಹಾಗಿತ್ತು. ಮಿದುಳಿನ ಶಸ್ತ್ರಚಿಕಿತ್ಸೆ ಮುಗಿಸಿ ಡಾಕ್ಟರು ಬರೆದಿಟ್ಟ ವರದಿ ಓದಿ, ವಿಮೆಯವರಿಗಾಗಿ ಅದಕ್ಕೆ ಸರಿಯಾದ ಕೋಡ್ ಸಂಖ್ಯೆ ಹಾಕಬೇಕು. ದೊಡ್ಡ ಮಿದುಳಿನ ಗಡ್ಡೆಗೆ ಒಂದು ಕೋಡ್, ಹಿಂದೆ ಕೆಳಗೆ ಅಡಗಿರುವ ಕಿರುಮಿದುಳಿನ ಗಡ್ಡೆಗೆ ಬೇರೆ. ಅಂತೂ ಜನರ ತಲೆಯೊಳಗೆ ಏನಿದೆ ಎಂದು ಗೊತ್ತಿರುವವಳು ತಮ್ಮ ಮನೆಯಲ್ಲಿ ಇವಳೊಬ್ಬಳೇ ಎಂದು ಅತ್ತೆ ತನ್ನ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಈಗ ಅತ್ತೆಯ ತಲೆಯಲ್ಲೇ ಗಡ್ಡೆ. ಎಡಗಿವಿಯ ಮೇಲುಗಡೆ, ಮಾತಿನ ಜಾಗಕ್ಕೆ ಒತ್ತಿಕೊಂಡೇ ಕೂತಿತ್ತು. ತೆಗೆಯುವಾಗ ಅವಳನ್ನು ಎಚ್ಚರವಾಗಿಟ್ಟು ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾರೆ. ಎಲ್ಲಿ ಮುಟ್ಟಿದಾಗ ಹೆಸರು ತಡವರಿಸುತ್ತದೋ ಆ ಜಾಗಕ್ಕೆ ಕೈಹಾಕುವುದಿಲ್ಲ. ಲೆಕ್ಕದಮ್ಮ ಇದಕ್ಕೆ ಎಷ್ಟೋ ಸಲ ಕೋಡ್ ಹಾಕಿದ್ದಳು. ಆದರೆ ಮಾತಿಲ್ಲದ ಅತ್ತೆಯನ್ನು ಊಹಿಸಿಕೊಳ್ಳುವುದು ಅವಳ ಕೈಲಾಗಲಿಲ್ಲ. ನಿದ್ದೆಯಲ್ಲೂ ಮಾತಾಡುವ ಹೆಂಗಸು ಅದು.

ಮುಂಚಿನ ದಿನ ಮಾತಿನ ತಜ್ಞೆ ಬಂದು ಚಿತ್ರಗಳ ಅಭ್ಯಾಸ ಮಾಡಿಸಿದರು. ಅತ್ತೆ ಕತ್ತರಿಗೆ ಓರಗಿತ್ತಿಯರು ಎಂದಳು. ಗಡಿಯಾರಕ್ಕೆ ಮೇಷ್ಟ್ರು, ಬೀಗದಕೈಗೆ ಕಳ್ಳ. ಮಾವ ಔಷಧಿ ತರಲು ಹೋಗಿದ್ದರು. ಕೊಡೆಯ ಚಿತ್ರ ಬಂತು.

"ಯಜಮಾನ್ರು," ಎಂದಳು ಅತ್ತೆ. "ಮಳೆ ಬಂದಾಗ ಕೈಗೆ ಸಿಗಲ್ಲ. ಬಿಸಿಲಿದ್ದಾಗ ಮೂಲೇಲಿ ನಿಂತಿರ್ತಾರೆ."

ತಜ್ಞೆ ನಕ್ಕರು. ನಗುತ್ತಲೇ ಆ ಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟರು. ಶಸ್ತ್ರಚಿಕಿತ್ಸೆಯ ನಡುವೆ ನಿಜವಾಗಿ ಹೆಸರು ತಪ್ಪಿತೋ ತಮಾಷೆಯೋ ಎಂದು ಯೋಚಿಸುತ್ತ ಕೂರುವಂತಿಲ್ಲವಲ್ಲ. ಹಾಗೆ ತೆಗೆದೂ ತೆಗೆದೂ ಕೊನೆಗೆ ಉಳಿದದ್ದು ಮೀನು ಮತ್ತು ಕುರ್ಚಿ.

ಲೆಕ್ಕದಮ್ಮನಿಗೆ ಸುಮ್ಮನಿರಲಾಗಲಿಲ್ಲ. ಅತ್ತೆ ದಿನಬೆಳಗಾದರೆ ಹೀಗೇ ಕರೆಯುವುದು, ಚಿತ್ರದ ಹಿಂದೆ ಅವಳ ಹೆಸರುಗಳನ್ನೇ ಬರೆದುಕೊಡುತ್ತೇನೆ ಎಂದಳು. ತಜ್ಞೆ ಎಲ್ಲವನ್ನೂ ಮತ್ತೆ ಮತ್ತೆ ಹೇಳಿಸಿ ನೋಡಿದರು. ಒಂದೂ ಬದಲಾಗಲಿಲ್ಲ. ಹಾಗಾದರೆ ಇವೇ ಇರಲಿ ಎಂದು ಒಪ್ಪಿದರು. ಒಂದೇ ಬಗೆಯ ಗಡ್ಡೆಗೆ ಎಲ್ಲರಿಗೂ ಒಂದೇ ಕೋಡ್ ಹಾಕಿ ರೂಢಿಯಾದವಳು ಅಂದು ಒಬ್ಬಳೇ ಒಬ್ಬಳಿಗಾಗಿ ಕೂತು ಬರೆದಳು.

ಮರುದಿನ ಮಾವ ಅತ್ತೆಯ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಆಪರೇಷನ್ ಕೋಣೆಯ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತರು. ಯಾರು ಏನು ಕೊಟ್ಟರೂ ಬೇಡವೆಂದರು. ಸಂಜೆಗೆ ತಜ್ಞೆ ಹೊರಬಂದು, ಗಡ್ಡೆ ತೆಗೆದದ್ದಾಯಿತು, ಹೆಸರುಗಳೂ ಬಂದವು, ಆದರೆ ಕೊನೆಕೊನೆಗೆ ಮಾತು ನಿಂತಿತು ಎಂದರು. ದಣಿವಿರಬಹುದು, ಒಳಗೆ ಬಾವು ಬಂದಿರಬಹುದು, ನಾಳೆ ನೋಡೋಣ.

ನಾಳೆಯೂ ಬಂತು. ಅತ್ತೆ ಕಣ್ಣುಬಿಟ್ಟಳು, ಬಾಯಿ ಬಿಡಲಿಲ್ಲ. ಲೆಕ್ಕದಮ್ಮ ಕೊಡೆಯ ಚಿತ್ರ ಹಿಡಿದಳು.

"ಇದೇನತ್ತೆ?"

ಅತ್ತೆ ಚಿತ್ರ ನೋಡಿದಳು. ಹಾಸಿಗೆಯ ಕಾಲ ಬಳಿ ನಿಂತಿದ್ದ ಮಾವನನ್ನು ನೋಡಿದಳು. ತುಂಬ ಹೊತ್ತಾದ ಮೇಲೆ ತುಟಿ ಅಲ್ಲಾಡಿತು.

"ಕೊಡೆ."

ಮಾವ ಕಣ್ಣೊರೆಸಿಕೊಳ್ಳುತ್ತ ನರ್ಸಿಗೆ ಹೇಳಲು ಓಡಿದರು. ಲೆಕ್ಕದಮ್ಮ ಮಾತ್ರ ಚಿತ್ರ ತಿರುಗಿಸಿ, ಹಿಂದೆ ತಾನೇ ಬರೆದಿದ್ದ ‘ಯಜಮಾನ್ರು’ ನೋಡಿದಳು. ಊರಿನವರೆಲ್ಲ ಹೇಳುವ ಹೆಸರು ಬಂತು. ಅತ್ತೆಯ ಹೆಸರು ಹೋಯಿತು.

ಅಷ್ಟರಲ್ಲಿ ಅತ್ತೆ ಬೆರಳು ಮಡಚಿ ಹತ್ತಿರ ಕರೆದಳು. ಇವಳು ಕಿವಿಯೊಡ್ಡಿ ಬಗ್ಗಿದಳು.

"ಅವರೆದುರಿಗೆ... ಹೇಗೇ ಹೇಳ್ಲಿ?" ಮಾತು ಸವೆದ ದಾರದ ಹಾಗೆ ತುಂಡುತುಂಡಾಗಿ ಬರುತ್ತಿತ್ತು. "ಪಾಪ, ಮುಖ ನೋಡಿದ್ಯಾ? ನಿನ್ನೆಯಿಂದ ಊಟ ಮಾಡಿಲ್ಲ. ಹೋಗು... ಆ ಕೊಡೇಗೆ ಏನಾದ್ರೂ ತಿನ್ನಿಸ್ಕೊಂಡು ಬಾ."