ಎಣ್ಣೆ ಕೈ

"ಮಾತ್ರೆ ಯಾಕೆ ನಿಲ್ಲಿಸಿದ್ರಿ?"

ಡಾಕ್ಟರಮ್ಮ ಸುನಿತಾಳ ಬಲಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೇ ಕೇಳಿದಳು. ಮಂಡ್ಯದ ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಫ್ಯಾನು ಸದ್ದು ಮಾಡುತ್ತ ತಿರುಗುತ್ತಿತ್ತು. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಪುಟ್ಟಮಾದಮ್ಮ ಬಾಯಿ ತೆರೆದಳು. ಊರಲ್ಲಿ ಪಂಚಾಯ್ತಿ ಮೆಂಬರುಗಳನ್ನೂ ನಿಲ್ಲಿಸಿ ಬೈಯುವ ಹೆಂಗಸು ಅವಳು. ಆದರೆ ಈ ಹೊತ್ತಿನಲ್ಲಿ ಹಾಳಾದ ನಾಲಿಗೆ ಮೇಲೇಳಲಿಲ್ಲ. ಅಷ್ಟರಲ್ಲಿ ಸೊಸೆಯೇ ತಲೆ ತಗ್ಗಿಸಿ, "ನಾನೇ ನಿಲ್ಲಿಸ್ಬುಟ್ಟೆ ಮೇಡಂ. ಒಟ್ಟೆ ತೊಳಸ್ತಿತ್ತು" ಎಂದುಬಿಟ್ಟಳು.

ಡಾಕ್ಟರಮ್ಮನಿಗೆ ಸಿಟ್ಟು ಬಂತು. "ಬಂದು ಒಂದು ಮಾತು ಕೇಳಬಾರದಿತ್ತಾ? ಪಿಯುಸಿ ಓದಿದೀನಿ ಅಂತೀರಿ, ಇಷ್ಟು ಗೊತ್ತಾಗಲ್ವಾ? ಈ ಬೆರಳು ನೋಡಿ ಈಗ." ಸುನಿತಾ ಅಷ್ಟನ್ನೂ ತನ್ನದೇ ತಪ್ಪು ಎಂಬಂತೆ ಕೇಳಿಸಿಕೊಂಡಳು. ಪುಟ್ಟಮಾದಮ್ಮ ಸೆರಗಿನ ತುದಿಯನ್ನು ಸುತ್ತುತ್ತ, ಕೊನೆಗೆ ಹೇಗೋ ದನಿ ತಂದುಕೊಂಡಳು.

"ವಾಯುನೇ ತಾನೆ ತಾಯಿ ಇದು? ನಂಗೂ ಮಂಡೀಲಿ ಅದೇ ಇರಾದು. ಎಣ್ಣೆ ಕಾಯ್ಸಿ ನೀವುದ್ರೆ ಒಸಿ ವಾಸಿ ಆಯ್ತದೆ..."

"ಅಲ್ಲಮ್ಮ. ನಿಮ್ಮ ಮಂಡಿದು ವಯಸ್ಸಿನ ಸವೆತ. ಇದು ಸವೆತ ಅಲ್ಲ, ವಾಯು ಅಲ್ಲ. ಮೈ ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ಕೀಲುಗಳನ್ನ ತಿನ್ನುತ್ತೆ. ಇಪ್ಪತ್ತೈದು ಮೂವತ್ತರ ಹೆಣ್ಮಕ್ಕಳಿಗೂ ಬರುತ್ತೆ. ರುಮಟಾಯ್ಡ್ ಆರ್ಥ್ರೈಟಿಸ್ ಅಂತಾರೆ." ಪುಟ್ಟಮಾದಮ್ಮ ಆ ಹೆಸರನ್ನು ಬಾಯೊಳಗೇ ಹೊರಳಿಸಿ ನೋಡಿದಳು. ನಿಲ್ಲಲಿಲ್ಲ.

"ಆ ಮಾತ್ರೆ ಕ್ಯಾನ್ಸರ್‌ದಂತಲ್ಲ?"

"ಅದಕ್ಕೂ ಕೊಡ್ತಾರೆ. ಅಲ್ಲಿ ಕೊಡೋ ಲೆಕ್ಕ ಬೇರೆ. ಇಲ್ಲಿ ವಾರಕ್ಕೆ ಒಂದೇ ಸಲ, ಸ್ವಲ್ಪ. ಅಷ್ಟರಿಂದಲೇ ಬೆರಳು ಉಳಿಯೋದು."

"ಬಗ್ಗಿರೋವು ನೆಟ್ಟಗಾಯ್ತವಾ?"

ಡಾಕ್ಟರಮ್ಮ ಸುನಿತಾಳ ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಅವು ಹಾಗೇ ಇರ್ತವೆ. ಇನ್ನೂ ಬಗ್ಗದೆ ಇರೋವನ್ನ ಉಳಿಸ್ಕೊಳ್ಳೋಣ. ಊದಿದಾಗ ಯಾರೂ ಎಣ್ಣೆ ಹಾಕಿ ಹಿಂಡಬೇಡಿ" ಎಂದು ಹೇಳಿ ಮುಂದಿನವರನ್ನು ಕರೆದಳು.

ಮದ್ದೂರಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕಿಟಕಿಯ ಪಕ್ಕ ಕೂತ ಸುನಿತಾ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ಪುಟ್ಟಮಾದಮ್ಮನ ಕಣ್ಣು ಅಲ್ಲಿಂದ ಕದಲಲಿಲ್ಲ. ಎಂಥಾ ಕೈಗಳವು! ಸುನಿತಾ ಬರೀ ಸೊಸೆಯಲ್ಲ, ಸ್ವಂತ ಅಣ್ಣನ ಮಗಳು. ಮಗ ದೇವರಾಜು ವಿ.ಸಿ. ಫಾರಂ ಕೃಷಿ ಕೇಂದ್ರದ ಕೂಲಿ ಕೆಲಸಕ್ಕೆ ಸೇರಿದ ವರ್ಷವೇ ಹಟ ಹಿಡಿದು ತಂದುಕೊಂಡಿದ್ದಳು. ಚಿಕ್ಕರಸಿನಕೆರೆ ಸುತ್ತಮುತ್ತ ಇವರ ಮನೆಯಂತೆ ರೇಷ್ಮೆ ಹುಳು ಸಾಕುವ ಮನೆಗಳಿಗೇನು ಬರವೇ? ಆದರೆ ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಸುನಿತಾಳ ಕೈಯ ಚುರುಕು ಇನ್ನೊಬ್ಬರಿಗಿರಲಿಲ್ಲ. ಹುಳುವಿಗೆ ತನ್ನನ್ನು ಎತ್ತಿದ್ದೇ ಗೊತ್ತಾಗುತ್ತಿರಲಿಲ್ಲವೇನೋ, ಅಷ್ಟು ಹಗುರ.

ಹುಳುಮನೆಯ ಕಾನೂನೂ ಅವಳದೇ. ರೇಷ್ಮೆ ಹುಳುವಿಗೆ ವಾಸನೆ ಆಗದು. ಹೊಗೆಸೊಪ್ಪು, ಸೆಂಟು, ನೋವಿನ ಎಣ್ಣೆ, ಯಾವುದರ ವಾಸನೆ ತಗುಲಿದರೂ ಮೇವು ಬಿಟ್ಟು ಮುದುರಿಕೊಳ್ಳುತ್ತದೆ. ಅದಕ್ಕೇ ಸುನಿತಾ ಬಾಗಿಲಲ್ಲಿ ನಿಂತು, ಒಳಗೆ ಬರುವ ಪ್ರತಿಯೊಬ್ಬರ ಕೈ ಹಿಡಿದು ಮೂಸುತ್ತಿದ್ದಳು. ಪಕ್ಕದ ಮನೆಯ ಬೆಟ್ಟಮ್ಮ ಹೊಗೆಸೊಪ್ಪಿನ ಕೈಯಲ್ಲಿ ಬಂದರೆ ಮುಲಾಜೇ ಇಲ್ಲ: "ಓಗ್ ಬೆಟ್ಟಕ್ಕ, ತೊಳ್ಕೊಂಡ್ ಬಾ." ಬೆಟ್ಟಮ್ಮ ಬೈದುಕೊಂಡೇ ಹೋಗಿ ತೊಳೆದುಕೊಂಡು ಬರುತ್ತಿದ್ದಳು.

ಅಂಥವಳಿಗೆ ಒಂದು ಬೆಳಗ್ಗೆ ಹಾಲಿನ ಪಾತ್ರೆಯ ಮುಚ್ಚಳ ತೆಗೆಯಲಾಗಲಿಲ್ಲ. ಬೆರಳುಗಳು ಊದಿ ಮರಗಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ಸಡಿಲವಾದವು. ಮಾರನೆಯ ಬೆಳಗ್ಗೆ ಮತ್ತೆ ಅದೇ. ಬೆಟ್ಟಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ನಕ್ಕಿದ್ದಳು: "ಬೆಳಗ್ಗೆ ಕೈ ಬರಾಕಿಲ್ಲ, ಮದ್ಯಾನ ಬತ್ತದೆ! ಅದ್ಯಾವ ಕಾಯ್ಲೆನವ್ವ ಗಡಿಯಾರ ನೋಡ್ಕಂಡು ಬರಾದು? ಕೆಲ್ಸದ ಕಳ್ಳತನ ಕಣೆ." ಪುಟ್ಟಮಾದಮ್ಮ ಅವಳ ಮೇಲೆ ಹರಿಹಾಯ್ದಿದ್ದಳು. "ನನ್ನ ಸೊಸೆ ಕಳ್ಳಿ ಅಲ್ಲ ಕಣೆ. ವಾಯು ಬಂದದೆ ಅವಳ್ಗೆ, ನನ್ನಂಗೇ!" ಸೊಸೆಯ ಪರ ನಿಂತೆನೆಂಬ ಹೆಮ್ಮೆಯೂ ಆಗ ಅವಳಿಗಿತ್ತು. ಈಗ ನೆನೆದರೆ, ಅವತ್ತು ಆ ನೋವಿಗೆ ವಾಯು ಎಂದು ಹೆಸರಿಟ್ಟವಳು ತಾನೇ ಅಲ್ಲವೇ?

ವಾಯು ಅಂದಮೇಲೆ ಮುಂದಿನದೆಲ್ಲ ತಾನಾಗಿ ಬಂತು. ಆಲೂಗೆಡ್ಡೆ ಬೇಡ, ಬದನೆಕಾಯಿ ಬೇಡ, ಅವರೆಕಾಳು ಸೊಪ್ಪಿನ ಸಾರಿಗೂ ಬೇಡ. ದೇವರಾಜು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಮಾತ್ರೆ ಬರೆಸಿಕೊಂಡು ಬಂದಿದ್ದನೇನೋ ನಿಜ. ಸುನಿತಾ ಪ್ರತಿ ಭಾನುವಾರ ನುಂಗುತ್ತಿದ್ದಳು, ಬೆರಳುಗಳ ಊತವೂ ಇಳಿಯುತ್ತ ಬಂದಿತ್ತು. ಆಗಲೇ ಬೆಟ್ಟಮ್ಮ ಒಂದು ಸಂಜೆ ಆ ಮಾತ್ರೆಯ ಹಾಳೆ ನೋಡಿ ಬಿಳಿಚಿಕೊಂಡಳು. ಅವಳ ಅಕ್ಕ ಕ್ಯಾನ್ಸರ್ ಬಂದು ತೀರಿಕೊಂಡವಳು. "ಇದೇ ಕಣೆ ನಮ್ಮಕ್ಕಂಗೆ ಕೊಡ್ತಿದ್ದುದ್ದು. ಕೂದ್ಲೆಲ್ಲ ಉದ್ರೋಯ್ತು. ವಾಯುಗೆ ಯಾರಾದ್ರೂ ಇಂಥದ್ ಕೊಟ್ಟಾರಾ?"

ಪುಟ್ಟಮಾದಮ್ಮ ಮಾತ್ರೆಗಳನ್ನೆಲ್ಲ ಹಿತ್ತಲ ತಿಪ್ಪೆಗೆ ಎಸೆದಳು. "ನನ್ನ ಕಣ್ಮುಂದೆ ನೀನು ಇಂಥದ್ ನುಂಗ್ಬ್ಯಾಡ ಕಣ್ ಮಗ. ನಮ್ಮಣ್ಣಂಗೆ ಏನಂತ ಉತ್ತರ ಕೊಡ್ಲಿ?" ಎಂದು ಅತ್ತೂ ಬಿಟ್ಟಳು. ಆ ಅಳುವಿಗೆ ಸುನಿತಾ ಸೋತಳು. ಮಳವಳ್ಳಿ ಕಡೆಯ ಪಂಡಿತನೊಬ್ಬ ಕೊಟ್ಟ ಎಣ್ಣೆಯನ್ನು ಪುಟ್ಟಮಾದಮ್ಮ ದಿನಾ ಸಂಜೆ ಕಾಯಿಸಿ, ಊದಿದ ಗೆಣ್ಣುಗಳನ್ನು ಒತ್ತಿ ಒತ್ತಿ ನೀವುತ್ತಿದ್ದಳು. ಸುನಿತಾ ತುಟಿ ಕಚ್ಚಿಕೊಳ್ಳುವಳು. "ಒಸಿ ತಡ್ಕೊ ಮಗ, ವಾಯು ಬುಡ್ತಾ ಅದೆ" ಎನ್ನುವಳು ಇವಳು. ಎಣ್ಣೆ ಕೈಯವರು ಒಳಗೆ ಹೋಗುವಂತಿಲ್ಲ ಎಂಬ ತನ್ನ ಕಾನೂನಿಗೆ ತಾನೇ ಸಿಕ್ಕಿಕೊಂಡು ಸುನಿತಾ ಹುಳುಮನೆಯ ಹೊರಗುಳಿದಳು. ವರ್ಷ ಕಳೆಯುವಷ್ಟರಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿ ನಿಂತವು.

ಬಸ್ಸು ಹೆದ್ದಾರಿಗೆ ಬಿದ್ದಿತ್ತು. ಪುಟ್ಟಮಾದಮ್ಮ ಕೇಳಿಯೇ ಬಿಟ್ಟಳು. "ಡಾಕ್ಟ್ರಮ್ಮನ್ ಮುಂದೆ ಯಾಕ್ ಮಗ ಸುಳ್ಳೇಳ್ದೆ?"

"ನಿನ್ನ ಬೈಸ್ಬೇಕಿತ್ತಾ ಅತ್ತೆ? ನೀನೇನು ನಂಗೆ ಕೆಟ್ಟದಾಗ್ಲಿ ಅಂತ ಮಾಡಿದ್ಯಾ?"

ಅವಳು ಬೈದಿದ್ದರೆ, ಜಗಳ ಕಾದಿದ್ದರೆ, ನನ್ನ ಕೈ ತಿಂದುಬಿಟ್ಟೆ ಅಂದಿದ್ದರೆ ಪುಟ್ಟಮಾದಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಮದ್ದೂರು ಬರುವ ತನಕ ಆ ಕಡೆ ಮುಖ ಮಾಡಿ ಕೂತಳು. ಸ್ಟ್ಯಾಂಡಿನಲ್ಲಿ ಇಳಿಯುವಾಗ ಸುನಿತಾಳ ಫೋನು ಬಡಿದುಕೊಂಡಿತು. ಬೆಟ್ಟಮ್ಮನದು. ಹುಳು ಒಂದೇ ಸಲ ಹಣ್ಣಾಗಿಬಿಟ್ಟಿವೆ, ಕೂಲಿಗೆ ಒಪ್ಪಿಕೊಂಡವರಲ್ಲಿ ಅರ್ಧ ಜನ ಬಂದಿಲ್ಲ, ಬೇಗ ಬನ್ನಿ.

ಊರು ಸೇರುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಹುಳುಗಳು ಮೇವು ಬಿಟ್ಟು, ಮೈಯೆಲ್ಲ ಹೊನ್ನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುತ್ತಿದ್ದವು. ಈಗಲೇ ಆರಿಸದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಕೆಡುತ್ತವೆ. ಸುನಿತಾ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಳು. ಕೂಲಿಯ ಹೆಂಗಸರು ಒಬ್ಬೊಬ್ಬರಾಗಿ ಕೈ ನೀಡಿ ಒಳಗೆ ಹೋದರು. ಬೆಟ್ಟಮ್ಮ ಅಂದು ಸೋಪು ಹಾಕಿಕೊಂಡೇ ಬಂದಿದ್ದಳು.

"ಏನಂದ್ರು ಡಾಕ್ಟ್ರು? ವಾಯುನೇ ತಾನೆ?"

"ವಾಯು ಅಲ್ಲ ಕಣೆ" ಎಂದಳು ಪುಟ್ಟಮಾದಮ್ಮ. ಒಳಗಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. "ಅದ್ಕೆ ಬ್ಯಾರೆ ಎಸ್ರು ಅದೆ, ನನ್ ಬಾಯ್ಗೆ ಬರಾಕಿಲ್ಲ. ಇನ್ಮೇಲೆ ಈ ಮನೇಲಿ ಯಾರೂ ವಾಯು ಅನ್ಬ್ಯಾಡಿ. ಆ ಮಾತ್ರೆ ನುಂಗಿದ್ರೆ ಕೈ ಉಳೀತಿತ್ತಂತೆ. ತಿಪ್ಪೆಗ್ ಎಸ್ದೋಳು ನಾನು."

ಬೆಟ್ಟಮ್ಮ ಮುಖ ಸಣ್ಣದು ಮಾಡಿಕೊಂಡು, "ಓಗ್ಲಿ ಬುಡಕ್ಕ, ನಾನೂ ಬಾಯಿ ಆಕ್ದೆ. ಬೇಕು ಅಂತ ಮಾಡಿದ್ವಾ?" ಎಂದು ಒಳಗೆ ಸರಿದಳು. ಎಲ್ಲರೂ ಅದನ್ನೇ ಹೇಳುತ್ತಾರೆ.

ಪುಟ್ಟಮಾದಮ್ಮ ಇದುವರೆಗೆ ಹುಳು ಆರಿಸಲು ಕೂತವಳಲ್ಲ. ಕೂಲಿಯವರಿಗೆ ಹಿಟ್ಟು ಸಾರು ಮಾಡುವುದಷ್ಟೇ ಅವಳ ಪಾಲು. ಇವತ್ತು ಒಲೆಯನ್ನು ಹಾಗೇ ಬಿಟ್ಟು ನಲ್ಲಿಯ ಹತ್ತಿರ ಹೋದಳು. ದಿನಾ ಎಣ್ಣೆ ನೀವಿದ್ದ ಕೈಗಳನ್ನು ಸೋಪು ಹಾಕಿ ತೊಳೆದಳು, ಸೀಗೆಪುಡಿ ಹಾಕಿ ತೊಳೆದಳು, ಸೆರಗಿಗೆ ಒರೆಸಿಕೊಂಡು ಸೊಸೆಯ ಮುಂದೆ ಬಂದು ಕೈ ಚಾಚಿದಳು.

"ನಿಂಗ್ಯಾಕತ್ತೆ, ಮಂಡಿ ನೋವು..."

"ನೀನು ಆರಿಸ್ತಿದ್ದುದ್ದು ನಾನು ಆರಿಸ್ತೀನಿ. ನೋಡು ಮಗ."

ಸುನಿತಾ ಅತ್ತೆಯ ಎರಡೂ ಕೈಗಳನ್ನು ತನ್ನ ವಾಲಿದ ಬೆರಳುಗಳಲ್ಲಿ ಎತ್ತಿಕೊಂಡು ಮೂಗಿನ ಬಳಿಗೆ ತಂದಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ಬಿಡಲಿಲ್ಲ.

"ಇನ್ನೂ ಅದೆ ಕಣತ್ತೆ" ಎಂದಳು ಮೆಲ್ಲಗೆ. "ಇನ್ನೊಂದ್ಸಲ ತೊಳ್ಕೊಂಡ್ ಬಾ."

ಪುಟ್ಟಮಾದಮ್ಮ ಮತ್ತೆ ನಲ್ಲಿಯ ಕಡೆಗೆ ನಡೆದಳು. ಒಲೆಯಿಂದ ಒಂದು ಹಿಡಿ ಬೂದಿ ತಂದು, ಕುಕ್ಕರುಗಾಲಲ್ಲಿ ಕೂತು, ಬೆರಳ ಸಂದಿಗಳನ್ನು ಒಂದೊಂದಾಗಿ ಉಜ್ಜತೊಡಗಿದಳು.