ವಿಲಂಬಿತದಲ್ಲಿ ಓಟ

ನವನಗರದಲ್ಲಿ ಬೆಳಗಿನ ಹೊತ್ತು ಓಡುವವರನ್ನು ಕಂಡರೆ ಗುರುಬಸವನಿಗೆ ಮೈ ಉರಿಯುತ್ತಿತ್ತು. ಓಡುವುದಕ್ಕಲ್ಲ, ಓಡಲಿ, ಬೀಳಲಿ, ಅದು ಅವರವರ ಕರ್ಮ. ಕಿವಿಯೊಳಗೆ ಅವರೆಕಾಳಿನಂಥದ್ದನ್ನು ಸಿಕ್ಕಿಸಿಕೊಂಡು ಹಾಡು ಕೇಳುತ್ತ ಓಡುತ್ತಾರಲ್ಲ, ಅದಕ್ಕೆ. ಸಂಗೀತವೆಂದರೆ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಕೂತು ಕೇಳುವ ವಸ್ತು. ಕೋಣನ ಮುಂದೆ ಕಿನ್ನರಿ ಬಾರಿಸಬೇಡಿ ಎಂದು ಹಿರಿಯರು ಹೇಳಿದ್ದರೆ, ಈಗ ಕೋಣಗಳೇ ಕಿನ್ನರಿಯನ್ನು ಕಿವಿಗೆ ಕಟ್ಟಿಕೊಂಡು ಓಡತೊಡಗಿವೆ ಎಂದು ಅವನು ಹೆಂಡತಿ ಶಾಂಭವಿಗೆ ದಿನಾ ಹೇಳುತ್ತಿದ್ದ. ಶಾಂಭವಿ ರೊಟ್ಟಿ ತಟ್ಟುತ್ತ "ಹೌದ್ರಿ" ಎನ್ನುತ್ತಿದ್ದಳು. ಅವಳ ಹೌದ್ರಿಯಲ್ಲಿ ಎಷ್ಟು ಹೌದು ಇರುತ್ತಿತ್ತೋ ಅವಳಿಗೇ ಗೊತ್ತು.

ಹತ್ತಿ ವ್ಯಾಪಾರದ ಮನೆತನದ ಗುರುಬಸವ ಇಷ್ಟು ಉಬ್ಬಿ ಮಾತಾಡುವುದಕ್ಕೆ ಕಾರಣವಿತ್ತು. ಹರೆಯದಲ್ಲಿ ಅವನು ಧಾರವಾಡದ ದೊಡ್ಡ ಗವಾಯಿಗಳೊಬ್ಬರ ಹತ್ತಿರ ಹಾಡುಗಾರಿಕೆ ಕಲಿತಿದ್ದ. ಊರೆಲ್ಲ ಅವರನ್ನು ಬುವಾ ಎಂದು ಕರೆಯುತ್ತಿತ್ತು. ಬುವಾ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವರ ಕಚೇರಿಯದೊಂದು ಕ್ಯಾಸೆಟ್ಟು ಮಾತ್ರ ಉಳಿದಿತ್ತು. ಆ ಕಚೇರಿಯಲ್ಲಿ ಬುವಾ ಅವರ ಬೆನ್ನ ಹಿಂದೆ ಇಬ್ಬರು ಶಿಷ್ಯರು ತಂಬೂರಿ ಹಿಡಿದು ಕೂತಿದ್ದರು. ಒಬ್ಬ ಗುರುಬಸವ, ಇನ್ನೊಬ್ಬ ಮಡಿವಾಳಪ್ಪ. ನಡುವೆ ಒಂದು ಕಡೆ ಬುವಾ ಉಸಿರಿಗೆಂದು ನಿಲ್ಲಿಸಿದಾಗ ಹಿಂದಿನಿಂದ ಒಂದು ಎಳೆಯ ದನಿ ಎದ್ದು, ಮೇಲಿನ ಷಡ್ಜ ಮುಟ್ಟಿ, ಅಲ್ಲೇ ನಿಂತುಬಿಡುತ್ತದೆ. ಬುವಾ "ವಾಹ್" ಎನ್ನುತ್ತಾರೆ. ಮನೆಗೆ ಬಂದವರಿಗೆಲ್ಲ ಗುರುಬಸವ ಸರಿಯಾಗಿ ಅಷ್ಟನ್ನೇ ಸ್ಪೀಕರಿನಲ್ಲಿ ಹಾಕಿ, ಕಣ್ಣು ಮುಚ್ಚಿಕೊಂಡು, "ಇದು ನಾನು" ಎನ್ನುತ್ತಿದ್ದ. ಈ ನಾಲ್ಕಕ್ಷರದ ಬಲದಿಂದಲೇ ಅವನು ಬುವಾ ಅವರ ಪಟ್ಟಶಿಷ್ಯನಾಗಿದ್ದ. ಪ್ರತಿ ವರ್ಷದ ಪುಣ್ಯತಿಥಿಯಲ್ಲಿ ಯಾರು ಹಾಡಬೇಕು, ಯಾರು ಹಾಡಬಾರದು ಎಂಬುದನ್ನು ಅವನೇ ತೀರ್ಮಾನಿಸುತ್ತಿದ್ದ. ಬುವಾ ಅವರ ಹೆಸರು ಬಂದರೆ ಶಿಷ್ಯರಾದವರು ಭಕ್ತಿಯಿಂದ ಒಂದು ಸಲ ಕಿವಿ ಮುಟ್ಟಿಕೊಳ್ಳುತ್ತಾರೆ. ಉಳಿದವರು ಒಂದು ಸಲ ಮುಟ್ಟಿಕೊಳ್ಳುತ್ತಾರೆಂದು ಗುರುಬಸವ ಎರಡು ಸಲ ಮುಟ್ಟಿಕೊಳ್ಳುತ್ತಿದ್ದ.

ಮಡಿವಾಳಪ್ಪನ ಪಾಲಿಗೆ ಬಂದಿದ್ದು ಜಮಖಾನೆ. ಸಾಲಿಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸಿ ನಿವೃತ್ತನಾದ ಮಾಸ್ತರ ಅವನು. ಪುಣ್ಯತಿಥಿಯ ದಿನ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸಿ, ಎಲ್ಲರೂ ಹೋದ ಮೇಲೆ ಸುತ್ತಿಟ್ಟು ಹೋಗುತ್ತಿದ್ದ. ಈ ವರ್ಷ ಅವನು ಮನೆಗೇ ಬಂದು, "ಒಂದು ಅರ್ಧ ತಾಸು ನಾನೂ ಹಾಡ್ಲೇನೋ?" ಎಂದು ಕೇಳಿದ.

"ಸಾಲಿ ಪ್ರಾರ್ಥನಾ ಅಲ್ಲಪಾ ಅದು," ಎಂದ ಗುರುಬಸವ. "ಧಾರವಾಡದ ಮಂದಿ ಕುಂತಿರ್ತಾರ. ಈ ಸಲ ನಾನs ಹಾಡ್ತೇನಿ. ನೀ ಜಮಖಾನಿ ನೋಡ್ಕೋ."

ಮಡಿವಾಳಪ್ಪ ಚಹಾ ಕುಡಿದು, ಬಸಿ ಕೆಳಗಿಟ್ಟು, ಹೋದ. ಅವನು ಹೋದ ಮೇಲೆ ಗುರುಬಸವ ತಂಬೂರಿ ಇಳಿಸಿ ಷಡ್ಜ ಹಚ್ಚಿ ನೋಡಿದ. ದನಿ ಎರಡು ಹೆಜ್ಜೆ ನಡೆದು ಕೆಮ್ಮಿಗೆ ಬಿತ್ತು. ಮಿರ್ಚಿ ಭಜಿಯೂ ಗಾದಿಯ ಮೇಲಿನ ವ್ಯಾಪಾರವೂ ಸೇರಿ ಅವನ ದಮ್ಮನ್ನು ಯಾವತ್ತೋ ನುಂಗಿ ನೀರು ಕುಡಿದಿದ್ದವು. ಡಾಕ್ಟರರ ಹತ್ತಿರ ಹೋದರೆ ಅವರು ಗಂಟಲು ನೋಡದೆ ಹೊಟ್ಟೆ ನೋಡಿ, ದಿನಾ ಬೆಳಿಗ್ಗೆ ನಡೀರಿ, ಆಮೇಲೆ ಸಾವಕಾಶ ಓಡ್ರಿ ಎಂದರು. ಗುರುಬಸವನಿಗೆ ಹೆದರಿಕೆಯಾಯಿತು. ಧಾರವಾಡದ ಸಭೆಯಲ್ಲಿ ಮುಂದಿನ ಸಾಲಿನವರು ಚಪ್ಪಾಳೆ ತಟ್ಟುವವರಲ್ಲ, ಉಸಿರು ಎಲ್ಲಿ ತುಂಡಾಯಿತೆಂದು ಎಣಿಸುವವರು. ಅಲ್ಲಿ ದಮ್ಮು ಕೈಕೊಟ್ಟರೆ ಇಷ್ಟು ವರ್ಷದ ಪಟ್ಟಶಿಷ್ಯ ಒಂದೇ ದಿನಕ್ಕೆ ಹತ್ತಿ ದಲಾಲನಾಗಿಬಿಡುತ್ತಾನೆ. ಹೀಗಾಗಿ ಅವನೂ ಬಿಳಿ ಬೂಟು ಹಾಕಿಕೊಂಡು ಬೀದಿಗಿಳಿದ.

ಬೀದಿಗಿಳಿದ ಮೇಲೆ ಬೇಸರ ಶುರುವಾಯಿತು. ಹಿಂದಿನ ಮನೆಯ ಮಕಬೂಲಸಾಬರ ಮಗಳು ಫಿಜಾ, ಕಾಲೇಜು ಓದುವ ಹುಡುಗಿ, ನವನಗರದ ಓಟದವರಿಗೆಲ್ಲ ಮುಂದಾಳು. ಶಾಂಭವಿ ತರಿಸಿಕೊಟ್ಟ ಇಯರ್‌ಬಡ್ಡುಗಳನ್ನು ಅವನ ಕಿವಿಗೆ ಹೊಂದಿಸಿದ್ದೂ ಅವಳೇ. "ಒಂದ್ಸಲ ಮುಟ್ಟಿದ್ರ ನಿಂದರ್ತೈತ್ರಿ ಕಾಕಾ. ಎರಡು ಸಲ ಮುಟ್ಟಿದ್ರ ಸ್ವಲ್ಪ ಹಿಂದಕ್ಕ ಹೋಗ್ತೈತಿ. ಯಾವುದರ ಜೋರಿನ ಹಾಡು ಹಾಕ್ಕೋರಿ, ಕಾಲು ತಾವಾಗೇ ಓಡ್ತಾವ."

"ಜೋರಿನ ಹಾಡು ನಿಮ್ಮಂಥೋರಿಗವಾ," ಎಂದ ಗುರುಬಸವ, ಮತ್ತು ಫೋನಿಗೆ ಇಳಿಸಿಕೊಂಡಿದ್ದ ಬುವಾ ಅವರ ಅದೇ ಕ್ಯಾಸೆಟ್ಟಿನ ತೋಡಿ ಹಾಕಿಕೊಂಡ.

ಮುಂಜಾನೆಯ ರಾಗ, ವಿಲಂಬಿತ ಏಕತಾಲ. ಒಂದು ಮಾತ್ರೆಯಿಂದ ಇನ್ನೊಂದು ಮಾತ್ರೆಗೆ ಹೋಗುವಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂದು, ಮಂದಿಯನ್ನು ಇಳಿಸಿ, ಹೊರಟುಹೋಗುತ್ತದೆ. ಗುರುಬಸವನ ಕಾಲಿಗೆ ಆ ತಾಳ ಹುಟ್ಟಿನಿಂದ ಅಂಟಿದ್ದು. ಮಾತ್ರೆ ಬೀಳದೆ ಹೆಜ್ಜೆ ಬೀಳದು. ಅವನು ಒಂದು ಕಾಲೆತ್ತಿ, ತಬಲಾ ಬರುವವರೆಗೆ ಹಾಗೇ ಕಾದು, ಆಮೇಲೆ ಊರುತ್ತಿದ್ದ. ನೋಡಿದವರಿಗೆ ಹೊಲದ ಬೆಳ್ಳಕ್ಕಿಯೊಂದು ಟೀ ಶರ್ಟು ಹಾಕಿಕೊಂಡು ಬಂದ ಹಾಗೆ ಕಾಣಬೇಕು. ಮೊಣಕಾಲು ನೋವಿನ ಮುದುಕಿಯರು ಅವನನ್ನು ದಾಟಿ ಹೋದರು. ಹಾಲಿನ ಕ್ಯಾನು ಹೊತ್ತ ಹುಲಿಗೆವ್ವ ದಾಟಿ ಹೋಗಿ, ತಿರುಗಿ ನೋಡಿ, "ಕಾಲಿಗೆ ಮುಳ್ಳು ಚುಚ್ಚೇತೇನ್ರಿ ಸಾವ್ಕಾರ್ರ?" ಎಂದು ಕೇಳಿದಳು. ಗುರುಬಸವ ಇನ್ನೊಂದು ಕಾಲೆತ್ತಿದ. ತೋಡಿ ಗೊತ್ತಿಲ್ಲದವರ ಜೊತೆ ಮುಳ್ಳಿನ ಮಾತೇನು? ಚುರುಕು ಗತಿಯ ದ್ರುತವನ್ನೇ ಮೊದಲು ಹಾಕಿಕೊಳ್ಳಬಹುದಲ್ಲ ಎಂದು ಶಾಂಭವಿ ಹೇಳಿದಾಗ, ವಿಲಂಬಿತ ಬಿಟ್ಟು ದ್ರುತಕ್ಕೆ ಹಾರುವವರು ಊಟ ಮಾಡದೆಯೇ ಎದ್ದು ಕೈ ತೊಳೆಯುವವರು ಎಂದು ಬೈದ. ನಡುವೆ ನಿಲ್ಲಿಸುವ ಹಾಗೂ ಇರಲಿಲ್ಲ, ಹಾಡು ಅರ್ಧವಿರುವಾಗ ಎದ್ದುಹೋಗುವುದು ಗುರುದ್ರೋಹ. ರಾಗ ಮುಗಿಯುವವರೆಗೆ ನವನಗರದ ಎಲ್ಲ ಕ್ರಾಸುಗಳನ್ನು ಸುತ್ತುತ್ತಿದ್ದ. ಹೀಗೆ ಸುತ್ತಿ ಸುತ್ತಿಯೇ, ಓಟ ಎನ್ನಲಾಗದ ಆ ಓಟದಿಂದಲೇ, ನಿಜಕ್ಕೂ ಒಂದಿಷ್ಟು ದಮ್ಮು ಬರತೊಡಗಿತು. ಅದರ ಪುಣ್ಯವನ್ನೂ ಅವನು ವಿಲಂಬಿತಕ್ಕೇ ಕೊಟ್ಟ.

ಭಾನುವಾರದ ಪುಣ್ಯತಿಥಿಗೆ ಇನ್ನೊಂದು ವಾರ ಇರುವಾಗ, ದೊಡ್ಡ ರಸ್ತೆ ದಾಟುತ್ತ, ಗುರುಬಸವ ನಟ್ಟನಡುವೆ ಒಂದು ಕಾಲೆತ್ತಿ, ತಾಳದ ಮೊದಲ ಪೆಟ್ಟಾದ ಸಮ್‌ಗೆ ಕಾದು ನಿಂತ. ಹಿಂದಿನಿಂದ ಬಂದ ಟಂಟಂ ಗಾಡಿ ಎಷ್ಟು ಹಾರ್ನ್ ಹೊಡೆದರೂ ಎರಡೂ ಕಿವಿಯಲ್ಲಿ ಬುವಾ ಇದ್ದರು. ಫಿಜಾ ಓಡಿ ಬಂದು ತೋಳು ಹಿಡಿದು ಎಳೆದಿರದಿದ್ದರೆ ಆ ವರ್ಷ ಎರಡು ಪುಣ್ಯತಿಥಿ ಮಾಡಬೇಕಾಗುತ್ತಿತ್ತು.

"ಒಂದು ಕಿವಿ ಖಾಲಿ ಇಟ್ಕೋರಿ ಕಾಕಾ," ಎಂದಳು ಅವಳು, ಏದುಸಿರಿನಲ್ಲಿ. "ಹೊಸದಾಗಿ ಓಡೋರಿಗೆ ನಾವು ಮೊದಲು ಹೇಳೋದs ಅದು." ಮತ್ತು ಅವನ ಎಡಗಿವಿಯದನ್ನು ಕಿತ್ತು ಅಂಗೈಯಲ್ಲಿಟ್ಟು ಹೋದಳು.

ಅರ್ಧ ಕಿವಿಯಲ್ಲಿ ಬುವಾ ಅವರನ್ನು ಕೇಳುವುದು ಅರ್ಧ ಎಲೆಯಲ್ಲಿ ಊಟ ಮಾಡಿದ ಹಾಗೆ ಎಂದು ಗೊಣಗುತ್ತ ಗುರುಬಸವ ಮುಂದೆ ಹೋದ. ಕ್ಯಾಸೆಟ್ಟು ಮಾಡಿದವರು ಅಂದು ಒಂದು ಬದಿಗೆ ತಬಲಾದ ಮೈಕು, ಇನ್ನೊಂದು ಬದಿಗೆ ಶಿಷ್ಯರ ಮೈಕು ಇಟ್ಟಿದ್ದರು. ಇಷ್ಟು ದಿನ ಹಿಂದಿನದನ್ನೆಲ್ಲ ಮುಚ್ಚುತ್ತಿದ್ದ ತಬಲಾ ಈಗ ಅಂಗೈಯಲ್ಲಿತ್ತು. ಬಲಗಿವಿಯಲ್ಲಿ ಉಳಿದದ್ದು ದೂರದ ಬುವಾ, ತಂಬೂರಿಗಳು, ಮತ್ತು ಹಿಂದೆ ಕೂತವರ ಉಸಿರು. ಒಂದು ದನಿ ಬುವಾ ಅವರ ಜೊತೆ ಏರಲು ಹೋಗಿ ಸ್ವರ ತಪ್ಪುತ್ತಿತ್ತು. ಮತ್ತೆ ಏರಲು ಹೋಗಿ ಮತ್ತೆ ತಪ್ಪುತ್ತಿತ್ತು. ಯಾವ ಕೋಣವಪ್ಪ ಇದು, ಮಡಿವಾಳನೇ ಇರಬೇಕು ಎಂದು ಗುರುಬಸವ ಮುಖ ಸಿಂಡರಿಸಿದ. ಅಷ್ಟರಲ್ಲಿ ಬುವಾ ನಿಲ್ಲಿಸಿದರು. ಹಿಂದಕ್ಕೆ ತಿರುಗಿರಬೇಕು, ದನಿ ಹತ್ತಿರ ಬಂತು. ಮೆಲ್ಲಗೆ, ಸಭೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

"ಗುರುಬಸವ, ನೀ ಸುಮ್ನ ಕುಂದ್ರಪಾ. ಮಡಿವಾಳ, ನೀ ತಗೋ."

ಆಮೇಲೆ ಆ ಎಳೆಯ ದನಿ ಎದ್ದು, ಮೇಲಿನ ಷಡ್ಜ ಮುಟ್ಟಿ, ಅಲ್ಲೇ ನಿಂತಿತು. "ವಾಹ್" ಎಂದರು ಬುವಾ.

ಗುರುಬಸವನ ಕಾಲು ತಾಳ ಮರೆಯಿತು. ಅವನ ಕೈ ಮಾತ್ರ ರೂಢಿ ಮರೆಯಲಿಲ್ಲ. ಗುರುವಿನ ಬಾಯಲ್ಲಿ ತನ್ನ ಹೆಸರು ಬಂದದ್ದಕ್ಕೆ ಅದು ತಾನಾಗಿಯೇ ಮೇಲೆ ಹೋಗಿ ಬಲಗಿವಿಯನ್ನು ಎರಡು ಸಲ ಮುಟ್ಟಿತು. ಹಾಡು ಸ್ವಲ್ಪ ಹಿಂದಕ್ಕೆ ಹೋಯಿತು. "ಗುರುಬಸವ, ನೀ ಸುಮ್ನ ಕುಂದ್ರಪಾ." ಅವನು ಗಾಬರಿಯಲ್ಲಿ ಮತ್ತೆ ಕಿವಿ ಮುಟ್ಟಿಕೊಂಡ. "ಗುರುಬಸವ, ನೀ ಸುಮ್ನ ಕುಂದ್ರಪಾ." ನಾಲ್ಕನೆಯ ಸಲವೋ ಐದನೆಯ ಸಲವೋ ಅವನು ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ರಸ್ತೆಬದಿಯ ಕಟ್ಟೆಯ ಮೇಲೆ ಕೂತ. ಹೊಸದೇನನ್ನೂ ಕೇಳಿರಲಿಲ್ಲ ಅವನು. ಆ ಮುಂಜಾನೆ ಬುವಾ ತಿರುಗಿ ನೋಡಿದ್ದು, ತಾನು ಬಾಯಿ ಮುಚ್ಚಿ ಬರೀ ತಂಬೂರಿ ಮೀಟಿದ್ದು, ಎಲ್ಲ ಅವನಿಗೆ ಗೊತ್ತೇ ಇತ್ತು. ಅದಕ್ಕೇ ಅಲ್ಲವೆ ಬಂದವರಿಗೆಲ್ಲ ಆ ಮಾತು ದಾಟಿದ ಮೇಲಿನದನ್ನೇ ಸರಿಯಾಗಿ ಹುಡುಕಿ ಹಾಕುತ್ತಿದ್ದದ್ದು? ಸುಳ್ಳನ್ನು ಇಷ್ಟು ಸಲ ಹೇಳಿದ್ದ ಎಂದರೆ ಅದಕ್ಕೆ ಅವನದೇ ದನಿ ಬಂದುಬಿಟ್ಟಿತ್ತು.

ಕೈಚೀಲದಲ್ಲಿ ಮೆಂತ್ಯದ ಸೊಪ್ಪು ಹಿಡಿದು ಸಂತೆಯ ಕಡೆಯಿಂದ ಬರುತ್ತಿದ್ದ ಮಡಿವಾಳಪ್ಪ ಅವನನ್ನು ಕಂಡು ನಿಂತ. "ಏನಾತೋ? ದಮ್ಮು ಹತ್ತೇತೇನು?"

ಗುರುಬಸವ ಕೈಯಲ್ಲಿದ್ದುದನ್ನು ಮತ್ತೆ ಆ ಮಾತಿಗೆ ಹಿಂದಕ್ಕೊಯ್ದು ಕೊಟ್ಟ. ಮಡಿವಾಳಪ್ಪ ಕಿವಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಕೇಳಿ, ಕಿವಿಯಿಂದ ತೆಗೆದು, ಅಂಗಿಯ ತುದಿಗೆ ಒರೆಸಿ ವಾಪಸು ಕೊಟ್ಟ. ಮುಖದಲ್ಲಿ ಏನೂ ಬದಲಾಗಲಿಲ್ಲ.

"ನೀ ಯಾಕ ಒಂದ್ಸಲನೂ ಹೇಳಲಿಲ್ಲ?" ಎಂದ ಗುರುಬಸವ. "ಎಲ್ಲಾರ ಮುಂದ ನಾ ಹಂಗ ಹೇಳಾಕತ್ತಾಗ ನೀ ಅಲ್ಲೇ ಕುಂತಿರ್ತಿದ್ದಿ."

"ಬುವಾನs ಹೇಳ್ಯಾರ," ಎಂದು ಮಡಿವಾಳಪ್ಪ ಒಂದು ಸಲ, ಒಂದೇ ಸಲ, ಕಿವಿ ಮುಟ್ಟಿಕೊಂಡ. "ಅವರು ಹೇಳಿದ್ದs ಕೇಳದಾಂವಗ ನಾ ಏನು ಹೇಳ್ಲಿ?"

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಈ ಮನುಷ್ಯ ಇಷ್ಟು ವರ್ಷ ಜಮಖಾನೆಯ ಅಂಚಿನಲ್ಲಿ ಕೂತು, ತನ್ನನ್ನು ಬೈಯಲಿಕ್ಕೂ ಲಾಯಕ್ಕಿಲ್ಲದವನೆಂದು ನೋಡುತ್ತಿದ್ದ ಎನ್ನುವುದು ಗುರುಬಸವನಿಗೆ ಆಗ ಹೊಳೆಯಿತು. ತಿರಸ್ಕರಿಸುವುದರಲ್ಲಿಯೂ ತಾನು ಎರಡನೆಯವನೇ. ಅವನಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟಿಗೂ ದಮ್ಮು ಸಾಲಲಿಲ್ಲ.

"ಭಾನುವಾರ ನೀನs ಹಾಡು," ಎಂದ, ನೆಲ ನೋಡುತ್ತ.

"ಹಾಡ್ತೇನಿ," ಎಂದ ಮಡಿವಾಳಪ್ಪ. ಸೊಪ್ಪಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ. "ಜಮಖಾನಿ ಯಾರು ಹಾಸೋರು?"

ಮನೆಯಲ್ಲಿ ಶಾಂಭವಿ, "ಭಾನುವಾರ ಯಾವ ಅಂಗಿ ಇಸ್ತ್ರಿ ಮಾಡಿಸ್ಲಿ?" ಎಂದು ಕೇಳಿದಳು. ದಮ್ಮು ಸಾಲುವುದಿಲ್ಲ, ಈ ವರ್ಷ ಹಾಡುವುದಿಲ್ಲ ಎಂದ ಗುರುಬಸವ. "ಹೌದ್ರಿ" ಎಂದಳು ಅವಳು. ಆ ಹೌದ್ರಿಯಲ್ಲಿ ಪೂರ್ತಿ ಹೌದಿತ್ತು.

ಭಾನುವಾರ ಸಭೆಗೆ ಅವನು, "ಈ ಸಲ ಮಡಿವಾಳಪ್ಪಗ ನಾನs ಅವಕಾಶ ಕೊಟ್ಟೇನ್ರಿ" ಎಂದು ಹೇಳದೆ ಬಿಡಲಿಲ್ಲ. ನಾಯಿ ಬಾಲದ ಡೊಂಕು ಒಂದು ವಾರದಲ್ಲಿ ನೆಟ್ಟಗಾಗುವುದಿಲ್ಲ. ಆದರೆ ಮುಂಜಾನೆಯೇ ಬಂದು ಜಮಖಾನೆ ಹಾಸಿದ್ದು ಅವನೇ. ಬಗ್ಗಿ ಎದ್ದರೂ ಏದುಸಿರು ಬರಲಿಲ್ಲ. ಆಮೇಲೆ ತಂಬೂರಿ ಹಿಡಿದು ಮಡಿವಾಳಪ್ಪನ ಬೆನ್ನಿಗೆ ಕೂತ. ಮಡಿವಾಳಪ್ಪ ತೋಡಿಯನ್ನೇ ಎತ್ತಿಕೊಂಡ. ವಯಸ್ಸಾಗಿದ್ದರೂ ಅದೇ ದನಿ. ಮೇಲಿನ ಷಡ್ಜದ ಮೆಟ್ಟಿಲು ಹತ್ತಿರ ಬಂದಾಗ ಅವನು ಉಸಿರಿಗೆಂದು ನಿಲ್ಲಿಸಿದ. ಹಿಂದೆ ಗುರುಬಸವನ ಬಾಯಿ ತಾನಾಗಿಯೇ ತೆರೆಯಿತು. ಎದೆ ತುಂಬ ಗಾಳಿಯಿತ್ತು, ಷಡ್ಜ ಮುಟ್ಟಿ ಬರುವಷ್ಟು. ಮಡಿವಾಳಪ್ಪ ತಿರುಗಿ ನೋಡಲೂ ಇಲ್ಲ.

ಗುರುಬಸವ ಬಾಯಿ ಮುಚ್ಚಿಕೊಂಡ. ಓಡಿ ಓಡಿ ಗಳಿಸಿದ ದಮ್ಮೆಲ್ಲ ಅಂದು ಸುಮ್ಮನೆ ಕೂರುವುದಕ್ಕೇ ಬೇಕಾಯಿತು.